ಗಲಾಟೆ ಮಗು ಅಂತ ಹೆಸರು ತಗೊಂಡಿರೋ ಮಕ್ಕಳಿಗೆ ಗುರಿ ಹಾಕೋದು ಹೇಗೆ? ಅವರಿಗೆ ಯಾವುದು ಮುಖ್ಯವೋ ಅಲ್ಲಿಂದ ಶುರು ಮಾಡಿ

ಪೇರೆಂಟ್ಸ್ ಮೀಟಿಂಗ್ ಮುಗಿಸಿ ಬಂದ್ಮೇಲೆ ಮನೇಲಿ ಮಗುಗೆ ಕೊಡೋ ಲಿಸ್ಟ್ ಒಂದ್ಸಲ ಕೇಳಿ ನೋಡಿ. ಯಾರಿಗೂ ಹೊಡೀಬಾರ್ದು, ಸೀಟ್ ಬಿಟ್ಟು ಏಳಬಾರ್ದು, ಮಿಸ್‌ಗೆ ಎದುರು ಮಾತಾಡಬಾರ್ದು, ತಂಗಿ ಜೊತೆ ಜಗಳ ಆಡಬಾರ್ದು, ಮೊಬೈಲ್ ಮುಟ್ಟಬಾರ್ದು. ಆಗ್ಡನ್ ಲಿಂಡ್ಸ್ಲಿ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲೇ ಇಂಥ ಲಿಸ್ಟ್‌ಗಳಿಗೆ ಒಂದು ಪರೀಕ್ಷೆ ಕೊಟ್ಟಿದ್ರು, ಕೇಳೋಕೆ ಸ್ವಲ್ಪ ಕಟು ಅನ್ಸತ್ತೆ ಆದ್ರೆ ತುಂಬಾ ಉಪಯೋಗಕ್ಕೆ ಬರತ್ತೆ: ಸತ್ತವರೂ ಮಾಡಬಹುದಾದ ಕೆಲಸ ಇದ್ರೆ ಅದು ವರ್ತನೆನೇ ಅಲ್ಲ. ಹೊಡೀದೆ ಇರೋದು, ಏಳದೆ ಇರೋದು, ಬಾಯಿ ಮುಚ್ಕೊಂಡಿರೋದು, ಇದನ್ನೆಲ್ಲಾ ಹೆಣನೂ ಮಾಡತ್ತೆ. ಹಾಗಾದ್ರೆ ಸಿಟ್ಟು ಬಂದಾಗ ಹೊಡಿಯೋ ಬದಲು ಆ ಮಗು ಏನು ಮಾಡ್ಬೇಕಿತ್ತು? ಅದನ್ನ ನಾವು ಹೇಳೇ ಇಲ್ಲ.

ಇನ್ನೊಂದು ವಿಷ್ಯ, ಆ ಲಿಸ್ಟ್ ಪೂರ್ತಿ ನಮ್ಮದು. ಮಿಸ್‌ಗೆ ತೊಂದ್ರೆ ಆಗ್ತಿರೋದು, ಅಪ್ಪಂಗೆ ಮರ್ಯಾದೆ ಹೋಗ್ತಿರೋದು, ಪಕ್ಕದ್ಮನೆಯವರು ಬಂದು ದೂರು ಹೇಳಿದ್ದು. ಮಗುಗೆ ಅದ್ರಿಂದ ಏನು ಸಿಗತ್ತೆ ಅಂದ್ರೆ ಬೈಗುಳ ಕಮ್ಮಿ ಆಗತ್ತೆ, ಅಷ್ಟೇ. ಎಡಿಎಚ್‌ಡಿ (ಗಮನ ನಿಲ್ಲಿಸೋಕೆ, ಸುಮ್ನೆ ಕೂರೋಕೆ, ತಡ್ಕೊಳೋಕೆ ಕಷ್ಟ ಆಗೋ ತೊಂದ್ರೆ) ಇರೋ ಮಗು, ಒಡಿಡಿ (ಯಾವಾಗ್ಲೂ ಸಿಟ್ಟು, ಹಠ, ದೊಡ್ಡೋರಿಗೆ ಎದುರು ನಿಲ್ಲೋ ತೊಂದ್ರೆ) ಅಂತ ಹೇಳಿಸ್ಕೊಂಡಿರೋ ಮಗು, ಅಥವಾ ಯಾವ ಹೆಸರೂ ಇಲ್ದೆ ಬರೀ 'ತಲೆನೋವು' ಅಂತ ಕರೆಸ್ಕೊಳೋ ಮಗು ಬೆಳಿಗ್ಗೆ ಏಳೋದ್ರಿಂದ ರಾತ್ರಿ ಮಲಗೋ ತನಕ ಬೈಸ್ಕೊಂಡು ಬೈಸ್ಕೊಂಡು ಮೈ ಮರಗಟ್ಟಿ ಹೋಗಿರತ್ತೆ, ಇನ್ನೊಂದು ಬೈಗುಳ ಜಾಸ್ತಿ ಆದ್ರೂ ಕಮ್ಮಿ ಆದ್ರೂ ಅದಕ್ಕೆ ವ್ಯತ್ಯಾಸನೇ ಗೊತ್ತಾಗಲ್ಲ. ಅದಕ್ಕೇ ನಾನು ಮಕ್ಕಳ ಜೊತೆ ಕೂತಾಗ ದೂರುಗಳನ್ನ ಪಕ್ಕಕ್ಕಿಟ್ಟು, ಈ ಮಗುಗೆ ಯಾವುದು ಮುಖ್ಯ, ಅದು ಎಂಥ ಮನುಷ್ಯ ಆಗಿರೋಕೆ ಇಷ್ಟ ಪಡತ್ತೆ ಅಂತ ಹುಡುಕೋದ್ರಿಂದ ಶುರು ಮಾಡ್ತೀನಿ, ಗುರಿ ಅದರಿಂದ ಹುಟ್ಟಬೇಕು.

ಇದು ನೀತಿ ಪಾಠ ಅಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ. ಸತ್ಯ ಹೇಳು, ಹಿರಿಯರಿಗೆ ಗೌರವ ಕೊಡು ಅಂತ ನಾವು ಕೊಡೋ ಮೌಲ್ಯ ಬೇರೆ, ಮಗು ತಾನೇ ಆರಿಸ್ಕೊಂಡು 'ನನಗೆ ಇದು ಬೇಕು' ಅನ್ನೋ ಮೌಲ್ಯ ಬೇರೆ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಅವರ ಜೊತೆಗಾರರು ಕಟ್ಟಿದ 'ಆಕ್ಟ್' (ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ) ಅನ್ನೋ ಮಾನಸಿಕ ಚಿಕಿತ್ಸಾ ಪದ್ಧತಿಯಲ್ಲಿ ಈ ಎರಡನೇದಕ್ಕೆ ತುಂಬಾ ಬೆಲೆ ಇದೆ. ಅಲ್ಲಿ ಹೇಳೋದು ಇಷ್ಟು: ಗುರಿ ಮುಗಿಯತ್ತೆ, ಮೌಲ್ಯ ಮುಗಿಯಲ್ಲ. ಟೆಸ್ಟಲ್ಲಿ ಹದಿನೈದು ಮಾರ್ಕ್ಸ್ ತಗೊಳೋದು ಗುರಿ, ಬಂತು ಅಂದ್ರೆ ಕತೆ ಮುಗೀತು. ಹೊಸದು ಕಲಿಯೋದು ಇಷ್ಟ ಅನ್ನೋದು ನಾಳೆನೂ ಇರತ್ತೆ, ಟೆಸ್ಟಲ್ಲಿ ಫೇಲ್ ಆದ ದಿನಾನೂ ಇರತ್ತೆ. ದಿನಾ ಸೋಲ್ತಿರೋ ಮಕ್ಕಳಿಗೆ ಈ ಎರಡನೇದು ಇದ್ಯಲ್ಲ, ಅದೇ ಆಸರೆ.

ಶುರು ಮಾಡೋಕೆ ಮುಂಚೆ

ಕೆಲವು ಗಲಾಟೆಗಳಿಗೆ ಗುರಿ ಹಾಕಿ ಏನೂ ಪ್ರಯೋಜನ ಇಲ್ಲ. ಕಿವಿ ಸರಿಯಾಗಿ ಕೇಳಿಸ್ದೆ ಇರೋ ಮಗು 'ಹೇಳಿದ ಮಾತು ಕೇಳಲ್ಲ' ಅನ್ನಿಸ್ಕೊಳತ್ತೆ, ಬೋರ್ಡ್ ಕಾಣ್ಸದೆ ಇರೋ ಮಗು ಪಕ್ಕದವನ ಪುಸ್ತಕ ಎಳೀತಾ ಇರತ್ತೆ, ಓದೋಕೆ ಬರ್ದೆ ಇರೋ ಮಗು ತನ್ನ ಸರದಿ ಬರೋ ಹೊತ್ತಿಗೆ ಸರಿಯಾಗಿ ಏನಾದ್ರೂ ತರಲೆ ಮಾಡಿ ಕ್ಲಾಸ್‌ನಿಂದ ಹೊರಗೆ ಹೋಗತ್ತೆ. ಯಾಕಂದ್ರೆ 'ದಡ್ಡ' ಅನ್ನಿಸ್ಕೊಳೋದಕ್ಕಿಂತ 'ತರಲೆ' ಅನ್ನಿಸ್ಕೊಳೋದೇ ವಾಸಿ ಅಂತ ಅದಕ್ಕೆ ಅನ್ಸಿರತ್ತೆ. ನಿದ್ದೆ, ಹಸಿವು, ಸ್ಕೂಲಲ್ಲಿ ಯಾರಾದ್ರೂ ಕಾಟ ಕೊಡ್ತಿದ್ದಾರಾ, ಮನೇಲಿ ಹೊಡೆದಾಟ ಇದೆಯಾ, ಇದನ್ನೆಲ್ಲಾ ಮೊದಲು ನೋಡಿ. ಎಡಿಎಚ್‌ಡಿ ಅಂತ ಅನುಮಾನ ಇದ್ರೆ ಡಾಕ್ಟರ್ ಹತ್ರ ಹೋಗಿ, ಅವರೇ ಹೇಳ್ಬೇಕು. ಅವರು ನೋಡೋದು ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆನೇ ಶುರುವಾಗಿದ್ಯಾ, ಆರು ತಿಂಗಳಿಂದ ಇದ್ಯಾ, ಮನೆ ಸ್ಕೂಲ್ ಎರಡು ಕಡೆನೂ ಕಾಣತ್ತಾ ಅಂತ. ಸ್ಕೂಲಲ್ಲಿ ಮಾತ್ರ ಗಲಾಟೆ, ಮನೇಲಿ ಶಾಂತ ಅಂದ್ರೆ ಸ್ಕೂಲಲ್ಲಿ ಏನಾಗ್ತಿದೆ ಅಂತ ಹುಡುಕ್ಬೇಕು. ಔಷಧಿ ಬರ್ಕೊಟ್ಟಿದ್ರೆ ಮುಂದುವರ್ಸಿ, ಇಲ್ಲಿ ಹೇಳ್ತಿರೋದು ಅದರ ಬದಲಿಗೆ ಅಲ್ಲ.

ಮಗುಗೆ ಯಾವುದು ಮುಖ್ಯ ಅಂತ ಹುಡುಕೋದು

ಇಲ್ಲೇ ಜಾಸ್ತಿ ಟೈಮ್ ಕೊಡಿ. ನಾವೆಲ್ಲಾ ಇದನ್ನ ಅವಸರದಲ್ಲಿ ಮುಗಿಸಿ ಚಾರ್ಟ್ ಅಂಟಿಸೋಕೆ ಓಡ್ತೀವಿ.

ಎದುರಿಗೆ ಕೂರಿಸ್ಕೊಂಡು ಕಣ್ಣಲ್ಲಿ ಕಣ್ಣಿಟ್ಟು 'ನಿಂಗೆ ಜೀವನದಲ್ಲಿ ಏನು ಮುಖ್ಯ ಹೇಳು' ಅಂದ್ರೆ ಯಾವ ಮಗುನೂ ಬಾಯಿ ಬಿಡಲ್ಲ, ಅದು ವಿಚಾರಣೆ ಥರ ಇರತ್ತೆ. ಪಕ್ಕಪಕ್ಕ ಕೂತು ಕೈಯಲ್ಲಿ ಏನಾದ್ರೂ ಕೆಲ್ಸ ಇದ್ದಾಗ ಮಾತು ತಾನಾಗೇ ಬರತ್ತೆ, ಅವರೆಕಾಯಿ ಸುಲಿಯುವಾಗ, ಸ್ಕೂಟರ್ ತೊಳೆಯುವಾಗ, ಬಸ್‌ನಲ್ಲಿ ಹೋಗುವಾಗ, ರಾತ್ರಿ ಲೈಟ್ ಆರಿಸಿ ಮಲಗಿದ್ಮೇಲೆ. ಜಗಳ ಆದ ದಿನ ಮಾತ್ರ ಬೇಡ. ಪ್ರಶ್ನೆನೂ ಚಿಕ್ಕದಿರಲಿ. ಯಾರ ಜೊತೆ ಇದ್ದಾಗ ನಿಂಗೆ ಹಾಯಾಗಿರತ್ತೆ? ನೀನು ಯಾರಿಗಾದ್ರೂ ಹೆಲ್ಪ್ ಮಾಡಿದ್ದು ನೆನಪಿದ್ಯಾ, ಆವಾಗ ಹೆಂಗನ್ನಿಸ್ತು? ಕ್ಲಾಸಲ್ಲಿ ಯಾರ ಥರ ಇರ್ಬೇಕು ಅನ್ಸತ್ತೆ, ಅವರಲ್ಲಿ ಏನಿಷ್ಟ? ನಿನ್ನ ಬಗ್ಗೆ ನಿನ್ನ ಫ್ರೆಂಡ್ ಬೇರೆಯವರ ಹತ್ರ ಏನು ಹೇಳಿದ್ರೆ ಖುಷಿ ಆಗತ್ತೆ? ಒಂದು ದಿನಕ್ಕೆ ಒಂದು ಪ್ರಶ್ನೆ ಸಾಕು. ಉತ್ತರ ಬರ್ಲಿಲ್ಲ ಅಂದ್ರೂ ಪರವಾಗಿಲ್ಲ, ಎರಡು ದಿನ ಬಿಟ್ಟು ಊಟ ಮಾಡುವಾಗ ತಾನೇ ಹೇಳ್ಬಹುದು.

ಸಿಟ್ಟನ್ನೂ ಗಮನಿಸಿ ನೋಡಿ. ಯಾವ ವಿಷ್ಯಕ್ಕೆ ಮಗು ಉರಿದು ಬೀಳತ್ತೋ ಅಲ್ಲೇ ಅದಕ್ಕೆ ಮುಖ್ಯವಾದದ್ದು ಏನೋ ಇರತ್ತೆ, ಇಲ್ಲ ಅಂದ್ರೆ ಅಷ್ಟು ನೋವಾಗ್ತಿರ್ಲಿಲ್ಲ. ಆಟದಲ್ಲಿ ಮೋಸ ಆಯ್ತು ಅಂತ ಕೈ ಎತ್ತೋ ಹುಡುಗಂಗೆ ನ್ಯಾಯ ದೊಡ್ಡದು. 'ನನ್ನ ರೂಮಿಗೆ ಯಾಕ್ ಬಂದೆ' ಅಂತ ಕಿರುಚೋ ಹುಡುಗಿಗೆ ತನ್ನ ಮೇಲೆ ನಂಬಿಕೆ ಇಡ್ಲಿ ಅನ್ನೋದು ದೊಡ್ಡದು. ಹೊಡೆದದ್ದು, ಕಿರುಚಿದ್ದು ಸರಿ ಅಂತ ನಾನು ಹೇಳ್ತಿಲ್ಲ, ಅದ್ರ ಅಡಿ ಇರೋದನ್ನ ನೋಡಿ ಅಂತಿದೀನಿ.

ಮಾತಾಡೋಕೆ ಕಷ್ಟ ಪಡೋ ಮಕ್ಕಳಿಗೆ ಕಾರ್ಡ್ ಆಟ ಚೆನ್ನಾಗಿ ಕೆಲ್ಸ ಮಾಡತ್ತೆ. ಮನೇಲಿರೋ ಹಳೇ ಲಗ್ನಪತ್ರಿಕೆ ಕತ್ತರಿಸಿ ಹದಿನೈದಿಪ್ಪತ್ತು ತುಂಡು ಮಾಡ್ಕೊಳಿ, ಖಾಲಿ ಕಡೆ ಒಂದೊಂದು ಬರೀರಿ, ಪುಸ್ತಕದ ಭಾಷೆ ಬೇಡ, ಮಗು ಆಡೋ ಮಾತಲ್ಲೇ ಇರ್ಲಿ: ಎಲ್ಲರನ್ನೂ ನಗಿಸೋದು, ಅಜ್ಜಿನ ನೋಡ್ಕೊಳೋದು, ಧೈರ್ಯವಾಗಿರೋದು, ಟೀಮ್‌ಗೋಸ್ಕರ ಆಡೋದು, ಪ್ರಾಣಿಗಳನ್ನ ಸಾಕೋದು, ಕೈಯಲ್ಲಿ ಏನಾದ್ರೂ ಮಾಡೋದು ರಿಪೇರಿ ಮಾಡೋದು, ಕೊಟ್ಟ ಮಾತು ಉಳ್ಸ್ಕೊಳೋದು, ನನ್ನ ಕೆಲ್ಸ ನಾನೇ ಮಾಡ್ಕೊಳೋದು, ದೇವರು, ಹೊಸದು ಕಲಿಯೋದು, ಚಿಕ್ಕವರನ್ನ ಕಾಪಾಡೋದು. ಎರಡು ಮೂರು ಕಾರ್ಡ್ ಖಾಲಿ ಬಿಡಿ, ಅದ್ರಲ್ಲಿ ಮಗುನೇ ಬರೀಲಿ. ಆಮೇಲೆ ಮೂರು ಗುಡ್ಡೆ ಮಾಡ್ಸಿ: ತುಂಬಾ ಮುಖ್ಯ, ಪರವಾಗಿಲ್ಲ, ನನಗೆ ಬೇಡ. ತುಂಬಾ ಮುಖ್ಯ ಅನ್ನೋ ಗುಡ್ಡೆಯಿಂದ ಕೊನೆಗೆ ಎರಡೋ ಮೂರೋ ಉಳಿಸ್ಬೇಕು. ಓದೋಕೆ ಬರ್ದೆ ಇರೋ ಚಿಕ್ಕ ಮಕ್ಕಳಿಗೆ ಚಿತ್ರ ಬಿಡ್ಸಿ. ನೀವೂ ಒಂದು ಸೆಟ್ ಇಟ್ಕೊಂಡು ಜೊತೆಗೇ ಆಡಿ, ಇಲ್ಲಾಂದ್ರೆ ಅದೂ ಒಂದು ಪರೀಕ್ಷೆ ಆಗ್ಬಿಡತ್ತೆ. 'ನಂಗೆ ಕಷ್ಟಪಟ್ಟು ಕೆಲ್ಸ ಮಾಡೋದು ಮುಖ್ಯ ಕಣೋ, ಆದ್ರೆ ತಾಳ್ಮೆ ಅನ್ನೋ ಕಾರ್ಡ್ ನಂಗೆ ತುಂಬಾ ಕಷ್ಟ' ಅಂತ ಅಪ್ಪ ಹೇಳಿದ್ರೆ ಮಗು ಮುಖ ಬದಲಾಗೋದು ನೋಡ್ಬೇಕು ನೀವು.

ಎರಡು ಕಡೆ ಹುಷಾರಾಗಿರಿ. ಒಂದು, ಮಗು ನಮ್ಮನ್ನ ಖುಷಿಪಡ್ಸೋಕೆ 'ಚೆನ್ನಾಗಿ ಓದ್ಬೇಕು, ಒಳ್ಳೇ ಹುಡುಗ ಆಗ್ಬೇಕು' ಅಂತ ಆರಿಸ್ಕೊಳತ್ತೆ. ಆವಾಗ ಕೇಳಿ, ಇದನ್ನ ನೀನು ಮಾಡಿದ್ದು ಅಮ್ಮಂಗೂ ಮಿಸ್‌ಗೂ ಯಾರಿಗೂ ಗೊತ್ತಾಗಲ್ಲ ಅಂತಿಟ್ಕೋ, ಆಗ್ಲೂ ಮಾಡ್ತೀಯಾ? ಇಲ್ಲ ಅಂದ್ರೆ ಅದು ಆ ಮಗುದಲ್ಲ, ಬೈಬೇಡಿ, ಇನ್ನೊಂದು ಕಾರ್ಡ್ ಎತ್ಕೊಳಿ. ಎರಡನೇದು, ಕೆಲವರು ನಾವು ಬೆಚ್ಚಿ ಬೀಳೋ ಥರ ಹೇಳ್ತಾರೆ, 'ಎಲ್ರೂ ನಂಗೆ ಹೆದ್ರಬೇಕು' ಅಂತಾನೋ 'ಯೂಟ್ಯೂಬರ್ ಆಗಿ ದುಡ್ಡು ಮಾಡ್ಬೇಕು' ಅಂತಾನೋ. ತಕ್ಷಣ ಉಪದೇಶ ಶುರು ಮಾಡ್ಬೇಡಿ. ಹಾಗಾದ್ರೆ ಏನಾಗತ್ತೆ, ಅದಾದ್ರೆ ನಿಂಗೆ ಏನು ಸಿಗತ್ತೆ ಅಂತ ಎರಡು ಸಲ ಕೇಳಿ. ಹೆದ್ರಬೇಕು ಅನ್ನೋನು ಸ್ವಲ್ಪ ಹೊತ್ತಿಗೆ 'ಆವಾಗ ನನ್ನನ್ನ ಯಾರೂ ಕಾಡ್ಸಲ್ಲ' ಅಂತಾನೆ, ಅಲ್ಲಿಗೆ ಗೊತ್ತಾಯ್ತಲ್ಲ, ಆ ಹುಡುಗಂಗೆ ಬೇಕಾಗಿರೋದು ಮರ್ಯಾದೆ.

ಅಲ್ಲಿಂದ ಗುರಿಗೆ

ಒಂದು ಉದಾಹರಣೆ ತಗೊಳೋಣ, ಆರನೇ ಕ್ಲಾಸ್ ಹುಡುಗ, ಕಬಡ್ಡಿ ಅಂದ್ರೆ ಪ್ರಾಣ, ಔಟ್ ಅಂತ ಹೇಳಿದ ತಕ್ಷಣ ಎದುರು ಟೀಮಿನವನ ಕಾಲರ್ ಹಿಡೀತಾನೆ. ಕಾರ್ಡ್ ಆಟದಲ್ಲಿ ಅವನು ಉಳಿಸ್ಕೊಂಡಿದ್ದು 'ಟೀಮ್‌ಗೋಸ್ಕರ ಆಡೋದು'. ಹೊಡೀಬಾರ್ದು ಅನ್ನೋ ಗುರಿ ಬಿಟ್ಹಾಕಿ ಅವನನ್ನೇ ಕೇಳ್ಬೇಕು, ಒಳ್ಳೇ ಟೀಮ್ ಪ್ಲೇಯರ್ ಔಟ್ ಆದಾಗ ಏನು ಮಾಡ್ತಾನೆ? ಅವನೇ ಹೇಳ್ತಾನೆ, ಲೈನ್ ಹೊರಗೆ ಹೋಗಿ ಕೂತು ಉಳಿದವರಿಗೆ ಕೂಗಿ ಹುರಿದುಂಬಿಸ್ತಾನೆ ಅಂತ. ಸರಿ, ಅದೇ ಗುರಿ. ಅದನ್ನ ಹೀಗೆ ಕಟ್ಟಬೇಕು: 'ನಂಗೆ ಔಟ್ ಅಂದ್ರೆ, ನಾನು ಎರಡು ಕೈನೂ ಹಿಂದೆ ಕಟ್ಕೊಂಡು ಲೈನ್ ದಾಟಿ, ಕೂತು, ಟೀಮ್‌ಗೆ ಕೂಗ್ತೀನಿ.' ಇಂಥದ್ದು ಆದ್ರೆ ಇಂಥದ್ದು ಮಾಡ್ತೀನಿ ಅಂತ ಮೊದಲೇ ಜೋಡಿಸಿ ಇಡೋ ಈ ರೀತಿನ ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ವಿವರವಾಗಿ ಬರ್ದಿದ್ದು, ಎಡಿಎಚ್‌ಡಿ ಇರೋ ಮಕ್ಕಳ ಮೇಲೂ ಅದನ್ನ ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ, ತಡ್ಕೊಳೋ ಶಕ್ತಿ ಸುಧಾರಿಸಿತ್ತು. ಕಾರಣ ಅರ್ಥ ಮಾಡ್ಕೊಳೋದೇನು ಕಷ್ಟ ಅಲ್ಲ. ಸಿಟ್ಟು ಬಂದ ಆ ಕ್ಷಣದಲ್ಲಿ ಯೋಚ್ನೆ ಮಾಡು ಅಂದ್ರೆ ದೊಡ್ಡೋರಿಗೇ ಆಗಲ್ಲ, ಯೋಚ್ನೆ ಮುಂಚೆನೇ ಮಾಡಿಟ್ಟಿದ್ರೆ ಔಟ್ ಅನ್ನೋ ಮಾತೇ ಅವನಿಗೆ ನೆನಪು ಮಾಡ್ಕೊಡತ್ತೆ.

ಆದ್ರೆ ಬರೆದಿಟ್ರೆ ಸಾಲ್ದು, ಆಡಿ ತೋರಿಸ್ಬೇಕು. ಮನೆ ಮುಂದೆ ನೀವೇ ಔಟ್ ಅನ್ನಿ, ಅವನು ಕೈ ಕಟ್ಕೊಂಡು ಹೋಗ್ಲಿ, ನಗ್ತಾ ನಗ್ತಾ ಐದಾರು ಸಲ ಮಾಡ್ಸಿ, ಬೇಕಂತಲೇ ಮೋಸದ ಔಟ್ ಕೊಡಿ. ಪಿಟಿ ಮಾಸ್ಟರ್‌ಗೂ ಒಂದು ಮಾತು ಹೇಳಿ, ಅವರು ಆಟ ಶುರು ಆಗೋಕೆ ಮುಂಚೆ ಅವನ ಕಿವೀಲಿ 'ಔಟ್ ಆದ್ರೆ ಏನು?' ಅಂತ ಕೇಳಿದ್ರೆ ಸಾಕು. ಸಂಜೆ ಮನೇಲಿ ಅರ್ಧ ಗಂಟೆ ಬುದ್ಧಿ ಹೇಳೋದಕ್ಕಿಂತ ಮೈದಾನದಲ್ಲಿ ಆ ಒಂದು ಮಾತಿಗೆ ಬೆಲೆ ಜಾಸ್ತಿ, ಈ ಮಕ್ಕಳಿಗೆ ಸಹಾಯ ಬೇಕಾಗಿರೋದು ತೊಂದ್ರೆ ಆಗೋ ಜಾಗದಲ್ಲೇ, ಆಗೋ ಹೊತ್ತಲ್ಲೇ.

ಗುರಿ ಒಂದೇ ಇರ್ಲಿ. ಮಗು ಈಗಾಗ್ಲೇ ಅಪರೂಪಕ್ಕಾದ್ರೂ ಮಾಡ್ತಿರೋ ಅಂಥದ್ದೇ ಇರ್ಲಿ, ಮೊದಲ ವಾರದಲ್ಲೇ ಗೆಲ್ಲೋ ಹಾಗಿರ್ಲಿ. ಪೂರ್ತಿ ತಿಂಗಳು ಜಗಳ ಆಡ್ದೆ ಇದ್ರೆ ಸೈಕಲ್ ಅನ್ನೋದು ಎಡಿಎಚ್‌ಡಿ ಇರೋ ಮಗುಗೆ ಅರ್ಥನೇ ಆಗಲ್ಲ, ತಿಂಗಳು ಅನ್ನೋದು ಅದಕ್ಕೆ ತುಂಬಾ ದೂರ, ಒಂದು ಪಿರಿಯಡ್, ಒಂದು ಆಟ, ಒಂದು ಊಟದ ಹೊತ್ತು ಅಂತ ಲೆಕ್ಕ ಹಾಕಿ.

ಇನ್ನೊಂದು, ಸ್ವಲ್ಪ ದೊಡ್ಡ ಹುಡುಗಿ, ಎಂಟನೇ ಕ್ಲಾಸ್. ಓದು ಅಂದ ತಕ್ಷಣ ಕಿರುಚಾಟ, ಬಾಗಿಲು ಬಡಿಯೋದು, ಪುಸ್ತಕ ಎಸೆಯೋದು. ಅಮ್ಮನ ಗುರಿ ಏಳು ಗಂಟೆಗೆ ಹೋಮ್‌ವರ್ಕ್ ಮುಗಿಸೋದು. ಹುಡುಗಿಯ ಕಾರ್ಡ್ 'ನನ್ನ ಕೆಲ್ಸ ನಾನೇ ಮಾಡ್ಕೊಳೋದು'. ಇಲ್ಲಿ ಗುರಿ ಇಬ್ಬರಿಗೂ ಬೇಕಾಗತ್ತೆ. ಅವಳದ್ದು: 'ತಲೆ ಕೆಟ್ರೆ, ಅಮ್ಮಾ ನಂಗೆ ಹತ್ತು ನಿಮಿಷ ಬೇಕು ಅಂತ ಹೇಳಿ ಟೆರೇಸ್‌ಗೆ ಹೋಗ್ತೀನಿ, ವಾಪಸ್ ಬಂದು ಯಾವ ಸಬ್ಜೆಕ್ಟ್ ಮೊದಲು ಅಂತ ನಾನೇ ಹೇಳ್ತೀನಿ.' ಅಮ್ಮನದ್ದು: 'ಅವಳು ಹತ್ತು ನಿಮಿಷ ಅಂದ್ರೆ ನಾನು ಹಿಂದೆ ಹೋಗಲ್ಲ, ಕೂಗಲ್ಲ, ಕೆಳಗಡೆನೇ ಒಗ್ಗರಣೆ ಹಾಕ್ಕೊಂಡಿರ್ತೀನಿ.' ಬಹಳ ಮನೆಗಳಲ್ಲಿ ಕೆಟ್ಟು ಹೋಗೋದು ಎರಡನೇ ಭಾಗದಲ್ಲೇ, ಮಗು ತನ್ನ ಮಾತು ಉಳಿಸ್ಕೊಂಡಿರತ್ತೆ, ನಾವು ಆರನೇ ನಿಮಿಷಕ್ಕೆ ಮೆಟ್ಟಿಲು ಹತ್ತಿರ್ತೀವಿ. ಅಜ್ಜ ಅಜ್ಜಿ ಮನೇಲಿದ್ರೆ ಅವರಿಗೂ ಮೊದಲೇ ಹೇಳಿಡಿ, ಇಲ್ಲಾಂದ್ರೆ 'ನಮ್ ಕಾಲದಲ್ಲಿ ಎರಡು ಬಿಟ್ಟಿದ್ರೆ ಸರಿ ಹೋಗ್ತಿತ್ತು' ಅಂತ ಅದೇ ಹತ್ತು ನಿಮಿಷದಲ್ಲಿ ಶುರು ಆಗತ್ತೆ.

ಬಹುಮಾನ, ಶಿಕ್ಷೆ

ಇದ್ರ ಬಗ್ಗೆ ನಂಗೆ ಗಟ್ಟಿ ಅಭಿಪ್ರಾಯ ಇದೆ. ಮಗುಗೆ ಯಾವುದು ಮುಖ್ಯ ಅಂತ ಕಂಡುಹಿಡಿದ್ಮೇಲೆ ದಯವಿಟ್ಟು ಅದನ್ನೇ ಕಿತ್ಕೊಳೋ ಶಿಕ್ಷೆ ಕೊಡ್ಬೇಡಿ. ಮ್ಯಾಥ್ಸ್ ಬರೀಲಿಲ್ಲ ಅಂತ ಪಿಟಿ ಪಿರಿಯಡ್ ಕಟ್, ಅಣ್ಣಂಗೆ ಹೊಡೆದ್ಲು ಅಂತ ಡ್ಯಾನ್ಸ್ ಕ್ಲಾಸ್ ಬಂದ್. ದಿನದಲ್ಲಿ ಆ ಮಗು 'ನಾನೂ ಪರವಾಗಿಲ್ಲ' ಅಂದ್ಕೊಳೋ ಜಾಗ ಅದೊಂದೇ ಇರತ್ತೆ, ಅದನ್ನ ಮುಚ್ಚಿದ್ರೆ ಒಳ್ಳೇದಾಗಿ ಇರೋಕೆ ಕಾರಣನೇ ಉಳಿಯಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಮಗು ನಂಬಿ ಹೇಳಿದ್ದನ್ನ ಆಯುಧ ಮಾಡ್ಕೊಳೋದು: 'ನೀನೇ ಹೇಳಿದ್ದಲ್ಲ ಟೀಮ್ ಮುಖ್ಯ ಅಂತ, ಈಗೇನು ಮಾಡ್ದೆ ನೋಡು.' ಒಂದ್ಸಲ ಹೀಗಂದ್ರೆ ಮುಂದಿನ ಸಲ ಆ ಮಗು ನಿಮ್ಮ ಹತ್ರ ಮನಸ್ಸು ಬಿಚ್ಚಲ್ಲ. ಹೊಡೆಯೋದಂತೂ ಬೇಡವೇ ಬೇಡ, ಸ್ಕೂಲಲ್ಲಿ ಹೊಡೆಯೋದು, ಅವಮಾನ ಮಾಡೋದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ.

ಬಹುಮಾನದ ವಿಷ್ಯ ಸ್ವಲ್ಪ ಸೂಕ್ಷ್ಮ. 1973ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು, ಚಿತ್ರ ಬಿಡ್ಸೋದು ಇಷ್ಟ ಇರೋ ಪುಟ್ಟ ಮಕ್ಕಳಿಗೆ ಬಿಡ್ಸಿದ್ರೆ ಬಹುಮಾನ ಅಂತ ಮೊದಲೇ ಹೇಳಿ ಕೊಟ್ರು, ಆಮೇಲೆ ಬಹುಮಾನ ಇಲ್ದಾಗ ನೋಡಿದ್ರೆ ಆ ಮಕ್ಕಳು ಮುಂಚೆಗಿಂತ ಕಮ್ಮಿ ಬಿಡ್ಸೋಕೆ ಶುರು ಮಾಡಿದ್ರು. ಹಾಗಂತ ಬಹುಮಾನನೇ ಬೇಡ ಅಲ್ಲ, ಎಡಿಎಚ್‌ಡಿ ಮಕ್ಕಳಿಗೆ ತಕ್ಷಣ ಸಿಗೋ ಚಿಕ್ಕ ಮೆಚ್ಚುಗೆ, ಸ್ಟಾರ್, ಟೋಕನ್ ನಿಜವಾಗ್ಲೂ ಸಹಾಯ ಮಾಡತ್ತೆ. ಬೋರ್ ಕೆಲಸಗಳಿಗೆ ಅದನ್ನ ಇಟ್ಕೊಳಿ, ಬ್ಯಾಗ್ ಜೋಡ್ಸೋದು, ಹಲ್ಲುಜ್ಜೋದು, ಕಾಪಿ ಬರೆಯೋದು. ಅಜ್ಜಿನ ಕೈ ಹಿಡ್ಕೊಂಡು ದೇವಸ್ಥಾನಕ್ಕೆ ಕರ್ಕೊಂಡು ಹೋಗೋದು ಮಗುಗೆ ತಾನಾಗೇ ಇಷ್ಟ ಇದ್ರೆ ಅದಕ್ಕೆ ಚಾಕ್ಲೇಟ್ ಕಟ್ಟಬೇಡಿ, 'ಅಜ್ಜಿ ಇವತ್ತು ಮೆಟ್ಟಿಲು ಹೆದರದೆ ಇಳಿದ್ರು, ನೀನು ನಿಧಾನಕ್ಕೆ ನಡೆದೆ ಅಲ್ವಾ ಅದಕ್ಕೆ' ಅಂತ ನೋಡಿದ್ದನ್ನ ಹೇಳಿ. ಬರೀ 'ಗುಡ್ ಬಾಯ್' ಅಂದ್ರೆ ಏನು ಮಾಡಿದ್ದಕ್ಕೆ ಅಂತ ಮಗುಗೆ ಗೊತ್ತಾಗಲ್ಲ. ಕೊಟ್ಟ ಸ್ಟಾರ್ ವಾಪಸ್ ಕಿತ್ಕೊಳೋದೂ ಬೇಡ.

ದಿನಾ ರಾತ್ರಿ ಎರಡು ನಿಮಿಷ

ಫ್ರಿಡ್ಜ್ ಮೇಲೆ ದೊಡ್ಡ ಚಾರ್ಟ್ ಅಂಟಿಸಿದ್ರೆ ಬಂದ ನೆಂಟರೆಲ್ಲಾ ಓದ್ತಾರೆ, ದೊಡ್ಡ ಮಕ್ಕಳಿಗೆ ಅದು ನಾಚಿಕೆ. ಒಂದು ಸಣ್ಣ ನೋಟ್‌ಬುಕ್ ಸಾಕು. ರಾತ್ರಿ ಒಂದೇ ಪ್ರಶ್ನೆ: ಇವತ್ತು ನೀನು ಅಂದ್ಕೊಂಡಿದ್ದಕ್ಕೆ ಹತ್ರ ಹೋದ ಹಾಗೆ ಅನ್ನಿಸ್ತಾ, ದೂರ ಹೋದ ಹಾಗೆ ಅನ್ನಿಸ್ತಾ? ಮಗುನೇ ಗುರುತು ಹಾಕ್ಲಿ. ದೂರ ಅಂದ್ರೆ ಯಾವಾಗ, ಅಡ್ಡ ಬಂದಿದ್ದು ಏನು ಅಂತ ಮಾತ್ರ ಕೇಳಿ, ಭಾಷಣ ಬೇಡ. ಮಗು ಸುಳ್ಳು ಗುರುತು ಹಾಕಿದೆ ಅನ್ಸಿದ್ರೂ ಆವತ್ತೇ ಹಿಡಿಯೋಕೆ ಹೋಗ್ಬೇಡಿ, ಬೈಗುಳ ಬರಲ್ಲ ಅಂತ ನಂಬಿಕೆ ಬಂದ್ಮೇಲೆ ನಿಜ ತಾನಾಗೇ ಬರತ್ತೆ. ಸ್ಕೂಲ್‌ನಿಂದಾನೂ ಇಷ್ಟೇ ಚಿಕ್ಕದು ಬರ್ಲಿ, ಮಿಸ್ ದಿನಕ್ಕೊಂದು ಸಾಲು ಬರೆದು ಕಳಿಸ್ತಾರಾ ಕೇಳಿ ನೋಡಿ, ಆದ ತಪ್ಪುಗಳ ಪಟ್ಟಿ ಬೇಡ, ಆ ಒಂದು ಗುರಿ ಬಗ್ಗೆ ಮಾತ್ರ. ನಲವತ್ತೈವತ್ತು ಮಕ್ಕಳಿರೋ ಕ್ಲಾಸಲ್ಲಿ ಅದಕ್ಕಿಂತ ಜಾಸ್ತಿ ಕೇಳೋದು ನ್ಯಾಯ ಅಲ್ಲ.

ಶುರುವಲ್ಲಿ ಕೆಲವು ದಿನ ಗಲಾಟೆ ಇನ್ನೂ ಜಾಸ್ತಿ ಆಗಬಹುದು, ಹೆದ್ರಬೇಡಿ. ಕಿರುಚಿದ್ರೆ ಮೊಬೈಲ್ ಸಿಗ್ತಿತ್ತು, ಈಗ ಸಿಗ್ತಿಲ್ಲ ಅಂದ್ರೆ ಇನ್ನೂ ಜೋರಾಗಿ ಕಿರುಚಿ ನೋಡೋದು ಸಹಜ. ಆವಾಗ ಸೋತು ಕೊಟ್ಬಿಟ್ರೆ, ಜೋರಾಗಿ ಕಿರುಚಿದ್ರೆ ಸಿಗತ್ತೆ ಅಂತ ಕಲಿಸಿದ ಹಾಗಾಗತ್ತೆ. ಎರಡು ವಾರ ಆದ್ರೂ ಏನೂ ಮುಂದಕ್ಕೆ ಹೋಗ್ಲಿಲ್ಲ ಅಂದ್ರೆ ಗುರಿನ ಚಿಕ್ಕದು ಮಾಡಿ, ಕಬಡ್ಡಿ ಹುಡುಗ ಕೂತು ಕೂಗೋದು ಬೇಡ, ಕೈ ಹಿಂದೆ ಕಟ್ಕೊಂಡ್ರೆ ಸಾಕು. ಗುರಿ ಬದಲಾಗ್ಲಿ, ಕಾರ್ಡ್ ಅದೇ ಇರ್ಲಿ. 'ನೀನು ಟೀಮ್‌ಗೋಸ್ಕರ ಆಡೋ ಹುಡುಗನೇ, ನಾವು ಹಾಕ್ಕೊಂಡ ಪ್ಲಾನ್ ಸರಿ ಇರ್ಲಿಲ್ಲ, ಬಾ ಬೇರೆ ಮಾಡೋಣ' ಅಂತ ಹೇಳಿ. ಸೋತ ದಿನ ಈ ಮಾತು ಕೇಳಿಸ್ಕೊಂಡ ಮಗು ಮಾರನೇ ದಿನ ಮತ್ತೆ ಪ್ರಯತ್ನ ಮಾಡತ್ತೆ.

ನಿಮಗೆ ಮುಖ್ಯವಾದದ್ದಕ್ಕೂ ಮಗುಗೆ ಮುಖ್ಯವಾದದ್ದಕ್ಕೂ ಹೊಂದಾಣಿಕೆ ಆಗ್ದೆ ಇರಬಹುದು. ನಿಮಗೆ ಮಾರ್ಕ್ಸ್, ಮಗುಗೆ ಸ್ನೇಹಿತರು. ಆವಾಗ ಮಾರ್ಕ್ಸ್ ಬಿಟ್ಬಿಡಿ ಅಂತ ನಾನು ಹೇಳಲ್ಲ, ಆದ್ರೆ ದಾರಿ ಮಗುವಿನ ಕಡೆಯಿಂದ ಹಾಕಿ, ಫ್ರೆಂಡ್ ಜೊತೆ ಕೂತು ಲೆಕ್ಕ ಮಾಡ್ಲಿ, ಚಿಕ್ಕ ಕ್ಲಾಸಿನ ಹುಡುಗಂಗೆ ಮಗ್ಗಿ ಹೇಳ್ಕೊಡ್ಲಿ. ಮನೆ ನಿಯಮಗಳು ಕೆಲವು ಇದ್ದೇ ಇರತ್ತೆ, ರಸ್ತೆಗೆ ಓಡಂಗಿಲ್ಲ, ಯಾರಿಗೂ ಗಾಯ ಮಾಡಂಗಿಲ್ಲ, ಅದಕ್ಕೆ ಮಗುವಿನ ಒಪ್ಪಿಗೆ ಕಾಯೋದು ಬೇಕಿಲ್ಲ.

ತಾನೇ ತನಗೆ ಗಾಯ ಮಾಡ್ಕೊಳೋದು, ಸಾಯ್ತೀನಿ ಅನ್ನೋದು, ಬೆಂಕಿ ಹಚ್ಚೋದು, ಚಾಕು ಹಿಡಿಯೋದು, ಪ್ರಾಣಿಗಳಿಗೆ ಬೇಕಂತ ಹಿಂಸೆ ಕೊಡೋದು, ಚೆನ್ನಾಗಿದ್ದ ಮಗು ಇದ್ದಕ್ಕಿದ್ದ ಹಾಗೆ ಬದಲಾಗೋದು, ಇದ್ರಲ್ಲಿ ಯಾವುದು ಕಂಡ್ರೂ ಕಾರ್ಡ್ ನೋಟ್‌ಬುಕ್ ಎಲ್ಲಾ ಪಕ್ಕಕ್ಕಿಟ್ಟು ಮೊದಲು ಸಹಾಯ ತಗೊಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಲ್ಲಾದ್ರೂ ಫೋನ್ ಮಾಡ್ಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮಗುಗೆ ಯಾರಾದ್ರೂ ಹಿಂಸೆ ಕೊಡ್ತಿದ್ದಾರೆ ಅಂತ ಗೊತ್ತಾದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಅಂತ ಪ್ರತ್ಯೇಕ ಮನೋವೈದ್ಯ ವಿಭಾಗ ಇದೆ, ದೂರದ ಊರಿನವರು ಜಿಲ್ಲಾಸ್ಪತ್ರೆಯಲ್ಲಿ ಕೇಳಿ, ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರ್ತಾರೆ ಅಂತಾನೂ ವಿಚಾರಿಸಿ.

ಆ ಲಗ್ನಪತ್ರಿಕೆ ಕಾರ್ಡ್‌ಗಳನ್ನ ಬಿಸಾಕಬೇಡಿ, ಒಂದು ಡಬ್ಬೀಲಿ ಹಾಕಿಟ್ಟು ಪರೀಕ್ಷೆ ಮುಗಿದ್ಮೇಲೆ ಬೇಸಿಗೆ ರಜದಲ್ಲಿ ಮತ್ತೆ ತೆಗೀರಿ. ಎಂಟು ವರ್ಷಕ್ಕೆ ನಾಯಿಮರಿ ಮುಖ್ಯ ಅಂದಿದ್ದ ಮಗು ಹದಿಮೂರಕ್ಕೆ ಬೇರೇನೋ ಹೇಳತ್ತೆ, ಹಳೇ ಗುರಿ ಆವಾಗ ಅದಕ್ಕೆ ಹಿಡಿಸಲ್ಲ, ಹೊಸದಾಗಿ ಮೂರು ಗುಡ್ಡೆ ಮಾಡ್ಸಿ.